ಗಲ್ಲಕ್ಕೆ ಬಂದ ಕೊಂಬು

ಹೊಟ್ಟೆಗೆ ಹಿಟ್ಟು ಎಷ್ಟೇ ತುಂಬಿರಲಿ, ಕಿಚ್ಚಿಗೆ ಅಂತ ಒಂದು ಮೂಲೆ ಖಾಲಿ ಇದ್ದೇ ಇರುತ್ತದೆ. ಇದನ್ನು ಗಾದೆ ಅಂದುಕೊಳ್ಳಬೇಡಿ, ಗಾದೆಯೊಂದರ ಕೈಕಾಲು ಮುರಿದು ಮಾಡಿದ್ದು. ಆದರೆ ಇನ್ನು ಮುಂದೆ ಬರುವ ಕತೆ ಅಕ್ಷರಶಃ ನಿಜ. ಒಂದೇ ಒಂದು ಅಕ್ಷರದ ಮೇಲೆ ನಿಂತಿರುವುದರಿಂದ ಇನ್ನೂ ಅಕ್ಷರಶಃ.

ಗಿಳಿ ವಕೀಲನ ಹೊಟ್ಟೆ ದೊಡ್ಡದು. ಅದರೊಳಗಿನ ಆ ಮೂಲೆ ಹೊಟ್ಟೆಗಿಂತ ದೊಡ್ಡದು. ಕೋರ್ಟಿನ ಕ್ಯಾಂಟೀನಿನಲ್ಲಿ ಅವನು ಬಾಯಿ ತೆರೆದರೆ ಟೀ ಲೋಟಗಳು ಅಲ್ಲಲ್ಲೇ ನಿಲ್ಲುತ್ತಿದ್ದವು. ಸರ್ಕಾರಿ ವಕೀಲರು ಮೂಗಿನಲ್ಲೇ ಆಕ್ಷೇಪ ಎತ್ತುವುದು, ಕೋರ್ಟಿನ ಗುಮಾಸ್ತ ಆಕಳಿಸುತ್ತಲೇ ಆರೋಪಿಯ ಹೆಸರು ಕೂಗುವುದು, ಫ್ಯಾನು ಕರಕರ ತಿರುಗುವುದು, ಎಲ್ಲವೂ ಅವನ ಗಂಟಲಲ್ಲಿ ಇದ್ದವು. ಗಿಳಿ ಅನ್ನುವ ಹೆಸರು ಬಂದದ್ದು ಹಾಗೆ. ಅವನ ಅತ್ಯುತ್ತಮ ಐಟಂ ಮಾತ್ರ ಕೊನೆಗೆ ಬರುತ್ತಿತ್ತು. ಅದು ಅವನ ಷಡ್ಡಕ.

ಅಕ್ಕತಂಗಿಯರಲ್ಲಿ ಅಕ್ಕನನ್ನು ಕಟ್ಟಿಕೊಂಡವನು ಗಿಳಿ, ತಂಗಿಯನ್ನು ಕಟ್ಟಿಕೊಂಡವನು ಅವನು. ಇಬ್ಬರೂ ವಕೀಲರು. ಷಡ್ಡಕ ಎಂಬ ಪದವನ್ನೇ ಬರೆದು ನೋಡಿ, ಒಂದು ಡಕಾರದ ಕೆಳಗೆ ಇನ್ನೊಂದು ಡಕಾರ ಒತ್ತಿಕೊಂಡು ಕೂತಿದೆ. ಯಾರು ಮೇಲೆ, ಯಾರು ಕೆಳಗೆ ಎಂಬ ಜಗಳ ಆ ಪದ ಹುಟ್ಟಿದಾಗಿನಿಂದ ನಡೆದೇ ಇದೆ.

ಷಡ್ಡಕ ಸಾಕ್ಷಿಗಳನ್ನು ಪ್ರಶ್ನಿಸುತ್ತಿರಲಿಲ್ಲ, ಬೆರಳಚ್ಚಿನ ಬಗ್ಗೆ ವಾದಿಸುತ್ತಿರಲಿಲ್ಲ. ಕೊಲೆ ಮಾಡಿದ್ದು ಇವನೇ ಎಂದು ತೀರ್ಪಾದ ಮೇಲೆ, ಶಿಕ್ಷೆ ಎಷ್ಟು ಎಂದು ಕೇಳುವ ಇನ್ನೊಂದು ದಿನ ಬರುತ್ತದಲ್ಲ, ಆ ದಿನಕ್ಕೆ ಮಾತ್ರ ಬರುತ್ತಿದ್ದ. ಬಂದು, ಕನ್ನಡಕ ತೆಗೆದು, ಕರ್ಚೀಫಿನಿಂದ ಒರೆಸುತ್ತಿದ್ದ. ಕಣ್ಣನ್ನಲ್ಲ, ಕನ್ನಡಕವನ್ನು. ಆಮೇಲೆ ಧ್ವನಿಯನ್ನು ಎಷ್ಟು ತಗ್ಗಿಸುತ್ತಿದ್ದನೆಂದರೆ ನ್ಯಾಯಪೀಠವೇ ಮುಂದಕ್ಕೆ ಬಾಗಬೇಕು. "ಬಾಗಿದವರು ಬೈಯೋದು ಕಷ್ಟ ಅಣ್ಣ" ಎಂದು ಒಮ್ಮೆ ತಾನೇ ಗುಟ್ಟು ಬಿಟ್ಟಿದ್ದ. ಗಲ್ಲು ಎಂಬ ಪದವನ್ನು ಮಾತ್ರ ಅವನು ಕೋರ್ಟಿನಲ್ಲಿ ಉಚ್ಚರಿಸುತ್ತಿರಲಿಲ್ಲ. "ಜೀವಾವಧಿ ಕೊಡಿ, ಆ ಇನ್ನೊಂದು ಬೇಡ" ಎನ್ನುತ್ತಿದ್ದ, ಮನೆಗೆ ಬಂದವರು ಎರಡನೇ ಲೋಟ ಟೀ ಬೇಡ ಅನ್ನುವ ಹಾಗೆ. ಅವನು ನಿಂತ ಕೇಸುಗಳಲ್ಲಿ ಯಾರಿಗೂ ಆ ಇನ್ನೊಂದು ಆಗಿರಲಿಲ್ಲ. ಕೋರ್ಟು ಅವನಿಗಿಟ್ಟ ಹೆಸರು ಕರ್ಚೀಫು.

"ನಮ್ಮ ಚಿಕ್ಕಳಿಯ ಮಾತಾಡಿದರೆ ಕಲ್ಲೂ ಕರಗುತ್ತೆ" ಎನ್ನುತ್ತಿದ್ದರು ಅತ್ತೆ, ಬಡಿಸುತ್ತ ಬಡಿಸುತ್ತ. ಆಮೇಲೆ ನ್ಯಾಯ ಸಮನಾಗಿರಲಿ ಎಂದು ಸೇರಿಸುತ್ತಿದ್ದರು, "ದೊಡ್ಡಳಿಯನೂ ಚೆನ್ನಾಗಿ ಮಾತಾಡ್ತಾರೆ. ಬೇರೆಯವರ ಥರ."

ಮನೆಗೆ ಹೋಗುವ ದಾರಿಯಲ್ಲಿ ಗಿಳಿ ವಕೀಲ ಹೆಂಡತಿಯನ್ನು ಕೇಳುತ್ತಿದ್ದ, "ಅವನಿಗೇನು ಎರಡು ಕೊಂಬಿದೆಯಾ?"

"ನೋಡಿಲ್ಲಪ್ಪ. ತಂಗಿನ ಕೇಳ್ತೀನಿ."

ಹೀಗಿರುವಾಗ ಬಂತು ಇಸ್ತ್ರಿಯ ಕೇಸು. ಆಸ್ಪತ್ರೆಯ ಹಾಸಿಗೆಬಟ್ಟೆ, ಹೋಟೆಲಿನವರ ಅಂಗಿ ಎಲ್ಲ ಒಗೆದು ಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಎಂಬ ಅಡ್ಡಹೆಸರಿನ ಇವನು ಹಬೆ ಯಂತ್ರದ ಮುಂದೆ ನಿಲ್ಲುವವನು. ಅವನಿಗೆ ಕೆಲಸ ಕಲಿಸಿದವನು ಅಲ್ಲಿನ ಮೇಸ್ತ್ರಿ. ಮೇಸ್ತ್ರಿ, ಇಸ್ತ್ರಿ ಅಂತ ಪ್ರಾಸ ಕೂಡಿಸಿ ಅಲ್ಲಿನವರು ಇಬ್ಬರನ್ನೂ ಜೋಡಿ ಹೆಸರಿನಿಂದಲೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಯಂತ್ರದ ಪಕ್ಕ ಮೇಸ್ತ್ರಿ ಸತ್ತು ಬಿದ್ದಿದ್ದ, ತಲೆಗೆ ಕಬ್ಬಿಣದ ಸರಳಿನ ಏಟು. ಇಸ್ತ್ರಿಯನ್ನು ಹಿಡಿದರು.

"ಇವನಲ್ಲ" ಎಂದು ಗಿಳಿ ವಕೀಲ ಎರಡು ವರ್ಷ ವಾದಿಸಿದ. ಹಬೆಯಲ್ಲಿ ಯಾರ ಮುಖ ಯಾರಿಗೆ ಕಾಣುತ್ತೆ ಎಂದು ಸಾಕ್ಷಿಗಳ ಬೆವರಿಳಿಸಿದ. ಇನ್ನೊಂದು ಕೆಲಸವನ್ನೂ ಮಾಡಿದ. ಇಸ್ತ್ರಿಯ ಎಡಗಲ್ಲದ ಮೇಲೆ ಅಂಗೈಯಗಲದ ಸುಟ್ಟ ಕಲೆ ಇತ್ತು, ಚರ್ಮ ಮಡಿಕೆ ಬಿದ್ದ ಬಟ್ಟೆಯ ಹಾಗೆ ಸುಕ್ಕುಗಟ್ಟಿತ್ತು. ಅದನ್ನು ನೋಡಿದವರಿಗೆ ಮೊದಲು ತೋಚುವ ಪದ ರೌಡಿ. ಹಾಗಾಗಿ ಗಿಳಿ ವಕೀಲ ಅವನನ್ನು ಕಟಕಟೆಯಲ್ಲಿ ಯಾವಾಗಲೂ ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದ. ನ್ಯಾಯಾಧೀಶೆಗೆ ಎರಡು ವರ್ಷವೂ ಕಂಡದ್ದು ಬಲಗಲ್ಲ ಮಾತ್ರ, ಸಾಧುವಾದ, ನುಣ್ಣನೆಯ ಬಲಗಲ್ಲ.

ಬಲಗಲ್ಲ ಸಾಕಾಗಲಿಲ್ಲ. ಇವನೇ ಎಂದು ತೀರ್ಪಾಯಿತು. ತೀರ್ಪು ಓದಿದ ನ್ಯಾಯಾಧೀಶೆ ಗಿಳಿ ವಕೀಲನ ಕಡೆ ನೋಡಿ, "ಇಷ್ಟು ದಿನ ಇವನಲ್ಲ ಅಂದಿರಿ. ಈಗ ಇವನೇ, ಆದರೆ ಪಾಪ ಅನ್ನೋಕೆ ನಿಮ್ಮ ನಾಲಿಗೆ ತಿರುಗುತ್ತೋ, ಬೇರೆ ಯಾರನ್ನಾದರೂ ಕರೆಸ್ತೀರೋ, ನೋಡಿಕೊಳ್ಳಿ" ಎಂದರು. ಬೇರೆ ಯಾರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕೋರ್ಟಿನಲ್ಲಿದ್ದವರೆಲ್ಲ ಆಗಲೇ, ಅವತ್ತು ತೀರ್ಪು ಕೇಳಲೆಂದು ಬಂದು ಹಿಂದೆ ಕೂತಿದ್ದ ಕರ್ಚೀಫಿನ ಕಡೆ ನೋಡುತ್ತಿದ್ದರು.

ಮೂರನೇ ದಿನ ಗಿಳಿ ವಕೀಲ ಜೈಲಿಗೆ ಹೋದ. ಭೇಟಿ ಕೋಣೆಯ ಬಾಗಿಲಿಗೆ ಗಾಜು. ಒಳಗೆ ಕರ್ಚೀಫು ಕೈ ಬೀಸಿ ಏನೋ ಹೇಳುತ್ತಿದ್ದಾನೆ, ಎದುರಿಗೆ ಇಸ್ತ್ರಿ ನಗುತ್ತಿದ್ದಾನೆ. ಮುಗುಳ್ನಗೆಯಲ್ಲ, ಮೇಜು ಹಿಡಿದುಕೊಂಡು ನಗುತ್ತಿದ್ದಾನೆ. ಈ ಮನುಷ್ಯ ಎರಡು ವರ್ಷದಲ್ಲಿ ಗಿಳಿ ವಕೀಲನ ಹತ್ತಿರ ಆಡಿದ ಮಾತು ಎರಡೇ, ಹೂಂ ಮತ್ತು ಉಹೂಂ. ಅವನಿಗೆ ಹಲ್ಲುಗಳಿವೆ ಎಂಬುದೇ ಗಿಳಿ ವಕೀಲನಿಗೆ ಗೊತ್ತಾದದ್ದು ಅವತ್ತು, ಅದೂ ಗಾಜಿನಾಚೆಯಿಂದ. ಹೊಟ್ಟೆಯ ಮೂಲೆಯಲ್ಲಿ ಯಾರೋ ಒಲೆ ಊದಿದ ಹಾಗಾಯಿತು. ತನ್ನ ಹೆಂಡತಿ ಬೇರೆಯವನ ಜೋಕಿಗೆ ನಕ್ಕಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಆಕೆ ಹೇಗಿದ್ದರೂ ತನ್ನ ಜೋಕಿಗೆ ನಗುವುದು ಬಿಟ್ಟು ಬಹಳ ಕಾಲವಾಗಿತ್ತು.

ಕರ್ಚೀಫು ಹೊರಗೆ ಬಂದಾಗ ಗಿಳಿ ವಕೀಲ ಕೇಳಿದ, "ಏನಂತೆ ನಮ್ಮವನು?"

'ನಮ್ಮವನು' ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದ.

"ಏನಿಲ್ಲ ಅಣ್ಣ, ಹಾಗೇ ಮಾತಾಡ್ತಿದ್ವಿ."

"ನಗು ಜೋರಾಗಿತ್ತು."

"ಹೌದಾ? ಕೇಳಿಸ್ತಾ ಆಚೆಗೆ?" ಎಂದ ಕರ್ಚೀಫು. ಕನ್ನಡಕ ತೆಗೆದು ಒರೆಸಿಕೊಂಡ. ಕೋರ್ಟಿನ ಹೊರಗೂ ಒರೆಸುತ್ತಾನೆ ಎಂದು ಗಿಳಿ ವಕೀಲನಿಗೆ ಇನ್ನಷ್ಟು ಮೈಯುರಿಯಿತು.

ಭಾನುವಾರ ಊಟವಾದ ಮೇಲೆ ಗಿಳಿ ವಕೀಲ ಸೋಫಾದ ಮೇಲೆ ಕಣ್ಣುಮುಚ್ಚಿ ಮಲಗಿ ಒಂದು ಸಿನಿಮಾ ನೋಡಿದ. ತಾನೇ ಬರೆದದ್ದು. ಕೋರ್ಟು ತುಂಬಿದೆ. ಕರ್ಚೀಫು ಕನ್ನಡಕ ತೆಗೆಯುತ್ತಾನೆ. ನ್ಯಾಯಾಧೀಶೆ ಮುಂದಕ್ಕೆ ಬಾಗುವುದಿಲ್ಲ. ಧ್ವನಿ ತಗ್ಗಿಸುತ್ತಾನೆ, "ಜೋರಾಗಿ ಮಾತಾಡಿ, ಕೇಳಿಸ್ತಿಲ್ಲ" ಎನ್ನುತ್ತಾರೆ. ಕರ್ಚೀಫು ಬೆವರುತ್ತಾನೆ. ನ್ಯಾಯಾಧೀಶೆ ಆ ಇನ್ನೊಂದನ್ನೇ ಹೇಳಿ ಎದ್ದು ಹೋಗುತ್ತಾರೆ. ಅತ್ತೆಯ ಕೈಯಲ್ಲಿ ಸೌಟು ನಿಲ್ಲುತ್ತದೆ. ಎಂಥ ಸುಖ. ಗಿಳಿ ವಕೀಲ ಸೋಫಾದ ಮೇಲೆ ಕಾಲು ಚಾಚಿದ. ಆಗ ಚಿತ್ರದ ಮೂಲೆಯಲ್ಲಿ ಕಟಕಟೆ ಕಂಡಿತು, ಅದರಲ್ಲಿ ಕಿಟಕಿಯ ಕಡೆ ತಿರುಗಿ ನಿಂತ ಒಬ್ಬ ಮನುಷ್ಯ. ಷಡ್ಡಕ ಸೋಲಬೇಕಾದರೆ ಹಗ್ಗಕ್ಕೆ ಒಂದು ಕುತ್ತಿಗೆ ಬೇಕಿತ್ತು. ಆ ಕುತ್ತಿಗೆಯನ್ನು ಗಿಳಿ ವಕೀಲ ಈ ಸಿನಿಮಾದಲ್ಲಿ ತನ್ನ ಕೈಯಾರೆ ಒದಗಿಸಿಕೊಟ್ಟಿದ್ದ.

ಎದ್ದು ಕೂತ.

"ಮುಖ ಯಾಕೆ ಹಾಗಾಗಿದೆ? ಯಾರಾದರೂ ಹೋಗಿಬಿಟ್ರಾ?" ಎಂದಳು ಹೆಂಡತಿ.

"ಇನ್ನೂ ಇಲ್ಲ" ಎಂದ.

ಶಿಕ್ಷೆಯ ವಿಚಾರಣೆಯ ದಿನ ಕರ್ಚೀಫು ಬಂದದ್ದು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು. ನ್ಯಾಯಾಧೀಶೆಯ ಮುಂದೆ ಎದ್ದು ನಿಂತು ಬಾಯಿ ತೆರೆದ. ಎಣ್ಣೆ ಕಾಣದ ಬಾಗಿಲಿನ ಸದ್ದು ಬಂತು. ಗಂಟಲಿನ ಕಡೆ ಬೆರಳು ತೋರಿಸಿ, ಎರಡೂ ಕೈ ಮೇಲೆತ್ತಿದ.

"ಮುಂದಕ್ಕೆ ಹಾಕೋಕೆ ಆಗಲ್ಲ" ಎಂದರು ನ್ಯಾಯಾಧೀಶೆ. "ನಾಳೆಯಿಂದ ನಾನು ಬೇರೆ ಕೋರ್ಟಿಗೆ ಹೋಗ್ತಿದೀನಿ. ಸಾಕ್ಷಿಗಳನ್ನೆಲ್ಲ ಕೇಳಿದವಳು ನಾನು, ಶಿಕ್ಷೆನೂ ನಾನೇ ಹೇಳಬೇಕು. ಊಟದ ನಂತರ ಕೂರೋಣ. ಅಷ್ಟರಲ್ಲಿ ಯಾರು ಮಾತಾಡ್ತೀರೋ ತೀರ್ಮಾನ ಮಾಡ್ಕೊಳ್ಳಿ." ಹೇಳುತ್ತ ಗಿಳಿ ವಕೀಲನನ್ನೇ ನೋಡಿದರು.

ಕಾರಿಡಾರಿನಲ್ಲಿ ಗಿಳಿ ವಕೀಲ ಷಡ್ಡಕನ ತೋಳು ಹಿಡಿದ. ಮನಸ್ಸಿನಲ್ಲಿ ಲೆಕ್ಕ ಆಗಲೇ ಆಗಿತ್ತು. ಗೆದ್ದರೆ ಹೆಸರು ಇವನ ತಯಾರಿಗೆ, ಸೋತರೆ ದೂರು ನನ್ನ ಬಾಯಿಗೆ. "ಏನು ತಯಾರಿ ಮಾಡಿದೀಯೋ ಹೇಳು. ಪಿಸುಗುಟ್ಟಿಯಾದರೂ ಹೇಳು."

ಕರ್ಚೀಫು ಖಾಲಿ ಅಂಗೈಗಳನ್ನು ತೋರಿಸಿದ. ಆಮೇಲೆ ಬೆರಳಿನಿಂದ ತನ್ನ ಎಡಗಲ್ಲವನ್ನು ಎರಡು ಸಲ ತಟ್ಟಿ, ಕೈದಿಗಳನ್ನು ಕೂರಿಸುವ ಕೆಳಗಿನ ಕೋಣೆಯ ಕಡೆ ಕೈ ಮಾಡಿದ. ಹೋಗಿ ಕೇಳಿ ಎಂಬಂತೆ ಕಿವಿ ಮುಟ್ಟಿ ತೋರಿಸಿದ. ಫ್ಲಾಸ್ಕಿನ ಮುಚ್ಚಳ ತೆಗೆದು ಬಿಸಿನೀರು ಗುಟುಕರಿಸುತ್ತ ಕೂತ.

ಕೆಳಗಿನ ಕೋಣೆಯಲ್ಲಿ ಒಂದು ಬೆಂಚು, ಎತ್ತರದಲ್ಲೊಂದು ಕಿಟಕಿ. ಇಸ್ತ್ರಿ ತನ್ನ ಅಂಗಿಯ ಕಾಲರನ್ನು ಬೆರಳಿನಿಂದ ಉಜ್ಜಿ ಉಜ್ಜಿ ನೇರ ಮಾಡಿಕೊಳ್ಳುತ್ತಿದ್ದ.

"ಆ ಸಾಹೇಬರ ಹತ್ರ ಏನೇನು ಹೇಳಿದೀಯೋ ಅದನ್ನೇ ನನಗೂ ಹೇಳಪ್ಪ. ಹೊತ್ತಿಲ್ಲ."

"ಅವರ ಹತ್ರ ಏನೂ ಹೇಳಿಲ್ಲ ಸಾರ್."

"ಹಲ್ಲು ಕಿಸ್ಕೊಂಡು ಕೂತಿದ್ದೆಯಲ್ಲ ಅವತ್ತು."

"ಅವರು ನಿಮ್ಮ ಥರ ಮಾತಾಡಿ ತೋರಿಸ್ತಿದ್ರು. 'ಮಾನ್ಯರೇ, ಹಬೆಯಲ್ಲಿ ಕಂಡದ್ದು ಮುಖವೋ, ಹಬೆಯೋ' ಅಂತ." ಇಸ್ತ್ರಿ ತಲೆ ತಗ್ಗಿಸಿದ. "ಚೂರೂ ನಿಮ್ಮ ಥರ ಇರಲಿಲ್ಲ. ಅದಕ್ಕೇ ನಗು ತಡೆಯೋಕಾಗಲಿಲ್ಲ."

ಗಿಳಿ ವಕೀಲನ ಒಳಗಿನ ಒಲೆಗೆ ಯಾರೋ ಒಂದು ಚೊಂಬು ನೀರು ಹುಯ್ದಂತಾಗಿ, ಬರೀ ಹೊಗೆ ಎದ್ದಿತು.

"ಗಲ್ಲಕ್ಕೆ ಏನಾಯ್ತು ಅಂತ ಆಮೇಲೊಂದು ದಿನ ಕೇಳಿದ್ರು ಅವರು" ಎಂದ ಇಸ್ತ್ರಿ. "ನಮ್ಮ ವಕೀಲರು ಕೇಳಿದ್ರೆ ಹೇಳ್ತೀನಿ ಅಂದೆ. ನೀವು ಕೇಳಲೇ ಇಲ್ಲ. ತಿರುಗಿಸಿ ನಿಲ್ಲಿಸಿದ್ರಿ, ಅಷ್ಟೇ."

ಗಿಳಿ ವಕೀಲ ಬೆಂಚಿನ ಮೇಲೆ ಕೂತ. "ಏನಾಯ್ತು?" ಎಂದು ಕೇಳಿದ.

"ಹುಡುಗ ಇದ್ದಾಗ ರಾತ್ರಿ ಪಾಳಿ. ನಿಂತಲ್ಲೇ ನಿದ್ದೆ ಬಂದು ಬಿಸಿ ತಟ್ಟೆ ಮೇಲೆ ಮುಖ ಇಟ್ಟುಬಿಟ್ಟೆ. ಎಳೆದು ಹಾಕಿದ್ದು ಮೇಸ್ತ್ರಿ. ಅವರ ಕೈನೂ ಬೆಂದಿತ್ತು. ಅದೇ ಕೈನಲ್ಲಿ ನನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು. ಆಮೇಲೆ ಮನೇಲಿಟ್ಕೊಂಡ್ರು. ಕಾಲರ್ ಮಡಿಸೋದು ಅವರಿಗೆ ಒಂದು ಥರ ಬರ್ತಿತ್ತು, ಒಳಗಿಂದ ಹೊರಗೆ, ಒಂದೇ ಏಟಿಗೆ. ಯಾರಿಗೂ ಹೇಳಿಕೊಟ್ಟಿರಲಿಲ್ಲ. ನನಗೆ ಮಾತ್ರ."

ಮತ್ತೆ ಕಾಲರಿಗೆ ಬೆರಳು ಹಚ್ಚಿದ. ಮೇಲೆ ಕಾರಿಡಾರಿನಲ್ಲಿ ಯಾರದೋ ಬೂಟು ನಡೆದುಹೋಯಿತು.

"ಅವತ್ತು ಹೊಸಬನೊಬ್ಬ ಬಂದಿದ್ದ. ಅವನಿಗೂ ಹೇಳಿಕೊಡ್ತಿದ್ರು. ನಗ್ತಾ ನಗ್ತಾ. 'ಇವನ ಕೈ ನಿನಗಿಂತ ಚುರುಕು ಕಣೋ' ಅಂದ್ರು ನನಗೆ. ಅಷ್ಟೇ ಸಾರ್. ಅಷ್ಟಕ್ಕೇ."

"ಇದನ್ನ ನನಗೇ ಯಾಕೆ ಹೇಳಬೇಕು ಅಂತ ಕೂತಿದ್ದೆ?"

ಇಸ್ತ್ರಿ ಮೊದಲ ಸಲ ಅವನನ್ನು ನೇರ ನೋಡಿದ. "ಆ ಸಾಹೇಬರ ಜೊತೆ ನಗ್ತಿದ್ದಾಗ ಗಾಜಿನಾಚೆ ನಿಮ್ಮ ಮುಖ ಕಂಡಿತು. ಮೇಸ್ತ್ರಿ ಹಾಗಂದಾಗ ಯಂತ್ರದ ಸ್ಟೀಲಿನಲ್ಲಿ ನನ್ನ ಮುಖ ಹಾಗೇ ಇತ್ತು. ಇವರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

ಊಟದ ನಂತರ ಕೋರ್ಟು ಸೇರಿತು. ಮೊದಲ ಸಾಲಿನಲ್ಲಿ ಮೇಸ್ತ್ರಿಯ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಒಂದು ಚೀಲ. ಹಿಂದಿನ ಸಾಲಿನಲ್ಲಿ ಮಫ್ಲರು, ಫ್ಲಾಸ್ಕು, ಕರ್ಚೀಫು. ಸರ್ಕಾರಿ ವಕೀಲರು ಮೂಗಿನಿಂದ ಕೇಳಬೇಕಾದ್ದನ್ನು ಕೇಳಿ ಕೂತರು. ಕೇಳಿದ್ದು ಆ ಇನ್ನೊಂದನ್ನೇ.

ಗಿಳಿ ವಕೀಲ ಎದ್ದ. ಕರುಣೆ ಕೇಳುವುದು ಹೇಗೆ ಎಂದು ಅವನಿಗೆ ಗೊತ್ತಿದ್ದದ್ದು ಒಂದೇ ಥರ, ಷಡ್ಡಕನ ಥರ. ಕ್ಯಾಂಟೀನಿನಲ್ಲಿ ಎಷ್ಟು ಸಲ ಮಾಡಿಲ್ಲ. ಧ್ವನಿಯನ್ನು ತಗ್ಗಿಸಿ, ಭುಜ ಇಳಿಸಿ, ಕನ್ನಡಕ ತೆಗೆಯಲು ಮೂಗಿನ ಕಡೆ ಕೈಯೊಯ್ದ.

"ವಕೀಲರೇ, ನೀವು ಕನ್ನಡಕ ಹಾಕಲ್ಲ" ಎಂದರು ನ್ಯಾಯಾಧೀಶೆ.

ಹಿಂದೆ ಯಾರೋ ಕಿಸಕ್ಕೆಂದರು. ಗಿಳಿ ವಕೀಲನ ಕೈ ಮೂಗಿನ ಮೇಲೇ ಉಳಿಯಿತು. ಷಡ್ಡಕನ ಧ್ವನಿ ಗಂಟಲಿನಿಂದ ಇಳಿದು ಹೋಯಿತು, ಅದರ ಹಿಂದೆ ಮಿಕ್ಕ ಧ್ವನಿಗಳೂ ಒಂದೊಂದಾಗಿ ಇಳಿದುಹೋದವು. ಉಳಿದದ್ದು ಅವನಿಗೇ ಅಷ್ಟು ಪರಿಚಯವಿಲ್ಲದ ಒಂದು ಒರಟು ಧ್ವನಿ.

"ಮಾನ್ಯರೇ, ಈ ಮನುಷ್ಯನಿಗೆ ಗಲ್ಲ..." ಎಂದು ತಡವರಿಸಿ ನಿಂತ.

"ಗಲ್ಲವೋ, ಗಲ್ಲೋ? ಸ್ಪಷ್ಟವಾಗಿ ಹೇಳಿ. ದಾಖಲಾಗ್ತಿದೆ."

ಗಿಳಿ ವಕೀಲ ಕಟಕಟೆಯ ಕಡೆ ನೋಡಿದ. ಇಸ್ತ್ರಿ ಎಂದಿನಂತೆ ಕಿಟಕಿಯ ಕಡೆ ತಿರುಗಿ ನಿಂತಿದ್ದ, ಹೇಳಿಕೊಟ್ಟ ಪಾಠ ಮರೆಯದ ವಿದ್ಯಾರ್ಥಿಯಂತೆ.

"ಎರಡೂ, ಮಾನ್ಯರೇ. ಎರಡರ ನಡುವೆ ಇರೋದು ಒಂದು ಕೊಂಬು. ಅದನ್ನ ತೆಗೆದುಬಿಡಿ ಅಂತ ಕೇಳೋಕೆ ನಿಂತಿದೀನಿ. ಆದರೆ ಮೊದಲು ಗಲ್ಲ ನೋಡಬೇಕು. ಎರಡು ವರ್ಷ ಅದನ್ನ ನಿಮಗೆ ಕಾಣದ ಹಾಗೆ ಇಟ್ಟಿದ್ದು ಇವನಲ್ಲ, ನಾನು." ಇಸ್ತ್ರಿಯ ಕಡೆ ಕೈ ಮಾಡಿದ. "ಈ ಕಡೆ ತಿರುಗಪ್ಪ."

ಇಸ್ತ್ರಿ ತಿರುಗಿದ. ಕಿಟಕಿಯ ಬೆಳಕು ಅವನ ಬೆನ್ನಿಗೆ ಬಿತ್ತು. ಮೇಸ್ತ್ರಿಯ ಹೆಂಡತಿ ಚೀಲದ ಹಿಡಿಯನ್ನು ಬಿಗಿಹಿಡಿದಳು. ಆ ಕಲೆಗೆ ಎಷ್ಟು ದಿನ ಮುಲಾಮು ಹಚ್ಚಿದ್ದಳೋ, ಅವಳಿಗೆ ಮಾತ್ರ ಗೊತ್ತು.

ಗಿಳಿ ವಕೀಲ ಕೆಳಗಿನ ಕೋಣೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ. ಬಿಸಿ ತಟ್ಟೆ, ಬೆಂದ ಕೈ, ಕಾಲರು, ಹೊಸಬ.

"ಸ್ವಲ್ಪ ನಿಲ್ಲಿ" ಎಂದರು ನ್ಯಾಯಾಧೀಶೆ. "ಜೀವ ಉಳಿಸಿದವನನ್ನೇ ಕೊಂದಿದಾನೆ ಅಂತ ಆಯ್ತಲ್ಲ. ಇದರಿಂದ ತಪ್ಪು ದೊಡ್ಡದಾಯ್ತೋ, ಚಿಕ್ಕದಾಯ್ತೋ?"

"ದೊಡ್ಡದಾಯ್ತು, ಮಾನ್ಯರೇ. ಅದು ನಿಮಗಿಂತ ಮೊದಲು ಇವನಿಗೆ ಗೊತ್ತು. ದಿನಾ ಬೆಳಿಗ್ಗೆ ಮುಖ ತೊಳೆಯುವಾಗ ಇವನ ಕೈ ಆ ಕಲೆಗೆ ತಾಗಲೇಬೇಕು. ಬದುಕಿರೋವರೆಗೂ ತಪ್ಪಿಸಿಕೊಳ್ಳೋಕಾಗಲ್ಲ. ಗಲ್ಲಿಗೆ ಹಾಕಿದರೆ ಗಲ್ಲ ಮುಟ್ಟಿಕೊಳ್ಳೋನು ಇರಲ್ಲ. ಬಿಡುಗಡೆ ಮಾಡಿದ ಹಾಗಾಗುತ್ತೆ."

ನ್ಯಾಯಾಧೀಶೆಯ ಪೆನ್ನು ನಿಂತಿತು.

"ಹೊಟ್ಟೆಕಿಚ್ಚು ಕೊಲೆಗೆ ಕಾರಣ ಆಗಬಹುದೇ ಹೊರತು ಸಬೂಬು ಆಗಲ್ಲ, ನನಗೆ ಗೊತ್ತು. ಆದರೆ ಹೊಟ್ಟೆಕಿಚ್ಚು ಇದ್ದ ಮಾತ್ರಕ್ಕೆ ಒಬ್ಬ ರಾಕ್ಷಸ ಆಗಲ್ಲ. ನನ್ನ ಹೊಟ್ಟೇಲೂ ಇದೆ, ಇವತ್ತೂ ಇದೆ, ಈ ಕೋಣೆಯಲ್ಲೇ ಕೂತಿರೋ ಒಬ್ಬರ ಮೇಲೆ. ಮೊನ್ನೆ ನಾನು ಅವರು ಸೋಲಲಿ ಅಂತ ಬಯಸಿದೆ. ಅವರು ಸೋತರೆ ಇವನು ಸಾಯ್ತಾನೆ ಅನ್ನೋದು ಆಮೇಲೆ ನೆನಪಾಯ್ತು. ನನಗೆ ಆಮೇಲೆ ಅನ್ನೋದು ಸಿಕ್ಕಿತು, ಕೈಯಲ್ಲಿ ಸರಳು ಇರಲಿಲ್ಲ. ಇವನಿಗೆ ಸರಳು ಸಿಕ್ಕಿತು, ಆಮೇಲೆ ಅನ್ನೋದು ಸಿಗಲಿಲ್ಲ. ಈಗಲಾದರೂ ಕೊಡಿ ಅಂತ ಕೇಳ್ತಿದೀನಿ, ಅಷ್ಟೇ."

ಕೂತುಬಿಟ್ಟ. ನ್ಯಾಯಾಧೀಶೆ ಮುಂದಕ್ಕೆ ಬಾಗಿದ್ದರೋ ಇಲ್ಲವೋ, ನೋಡುವುದನ್ನೇ ಮರೆತಿದ್ದ.

ಒಳಗೆ ಹೋಗಿ ಬಂದ ನ್ಯಾಯಾಧೀಶೆ ಜೀವಾವಧಿ ಎಂದು ಓದಿದರು. ಇಸ್ತ್ರಿ ಗಿಳಿ ವಕೀಲನಿಗೆ ಕೈ ಮುಗಿಯಲಿಲ್ಲ, ಅಳಲೂ ಇಲ್ಲ. ಪೊಲೀಸರ ನಡುವೆ ಹೋಗುವಾಗ ಮೇಸ್ತ್ರಿಯ ಹೆಂಡತಿಯ ಮುಂದೆ ಒಂದು ಕ್ಷಣ ನಿಂತ. ಅವಳು ಮುಖ ತಿರುಗಿಸಿಕೊಂಡಳು. ಅವನ ಕೈ ತಾನಾಗಿ ಎಡಗಲ್ಲಕ್ಕೆ ಹೋಯಿತು.

ಸಂಜೆ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದರು. ಕರ್ಚೀಫು ಮಫ್ಲರಿನಲ್ಲೇ ಇದ್ದ, ತಟ್ಟೆಯ ಮುಂದೆ ಮೂಕನಾಗಿ ಕೂತಿದ್ದ. ಗಿಳಿ ವಕೀಲನಿಗೆ ಅವತ್ತು ಅವನ ಮೇಲೆ ಪ್ರೀತಿಯೇ ಬಂದಿತ್ತು. ಗಂಟಲು ಕೆಟ್ಟ ಷಡ್ಡಕನಷ್ಟು ಒಳ್ಳೆಯ ಷಡ್ಡಕ ಇನ್ನೊಬ್ಬನಿಲ್ಲ. ಆ ಪ್ರೀತಿಯಲ್ಲೇ, ಬೆಳಿಗ್ಗೆ ಅವನು ಕೋರ್ಟಿನಲ್ಲಿ ಕಿರ್‍ರ್ ಎಂದದ್ದನ್ನು ಮಾಡಿ ತೋರಿಸಿದ. ಅಕ್ಕತಂಗಿಯರು ತಟ್ಟೆಯೊಳಗೆ ಮುಖ ಹುದುಗಿಸಿದರು.

"ಪಾಪ, ಯಾವಾಗ ಕೆಟ್ಟಿತು ಗಂಟಲು?" ಎಂದರು ಅತ್ತೆ. "ಬೆಳಿಗ್ಗೆ ಎದ್ದ ಕೂಡಲೇ ಫೋನು ಮಾಡಿ, ಗ್ಯಾಸ್ ಬಂತಾ ಅಂತ ಕಿವಿ ಹರಿಯೋ ಹಾಗೆ ಕಿರುಚಿದ್ರಲ್ಲ."

ಗಿಳಿ ವಕೀಲನ ಕೈಯ ತುತ್ತು ಗಾಳಿಯಲ್ಲೇ ಉಳಿಯಿತು. ಊರವರನ್ನೆಲ್ಲ ಅನುಕರಣೆ ಮಾಡುವ ತನಗೆ ಒಂದು ಕೆಟ್ಟ ಗಂಟಲಿನ ಅನುಕರಣೆ ತಿಳಿಯಲಿಲ್ಲ. ಹೆಂಡತಿಯ ಕಡೆ ನೋಡಿದ. ಹೆಂಡತಿ ತಂಗಿಯ ಕಡೆ ನೋಡಿದಳು, ತಂಗಿ ಛಾವಣಿಯ ಕಡೆ.

ಕರ್ಚೀಫು ನಿಧಾನವಾಗಿ ಮಫ್ಲರ್ ಬಿಚ್ಚಿದ. ಕನ್ನಡಕ ತೆಗೆದ. ಕರ್ಚೀಫು ತೆಗೆದು ಒರೆಸಿದ. ಎದ್ದು ನಿಂತು ಹೊಟ್ಟೆ ಮುಂದೆ ಮಾಡಿ, ಎದೆ ಉಬ್ಬಿಸಿ, ತನಗೆ ಬಂದ ಮಟ್ಟಿಗೆ ಗಿಳಿ ವಕೀಲನ ಧ್ವನಿಯಲ್ಲಿ ಹೇಳಿದ, "ಮಾನ್ಯರೇ, ಆರೋಪಿ ತಪ್ಪು ಒಪ್ಪಿಕೊಳ್ತಾನೆ. ಆ ಇಸ್ತ್ರಿ, ನಮ್ಮ ವಕೀಲರೇ ಕೇಳಬೇಕು ಅಂತ ಹಟ ಹಿಡಿದಿದ್ದ. ಹೋಗಿ ಕೇಳಿ ಅಣ್ಣ ಅಂದಿದ್ರೆ ನಮ್ಮ ಅಣ್ಣ ಹೋಗ್ತಿದ್ರಾ? ಶಿಕ್ಷೆಯಲ್ಲಿ ಸ್ವಲ್ಪ ಕನಿಕರ ಇರಲಿ."

"ನೋಡ್ರೇ, ಎಂಥ ತಲೆ ನಮ್ಮ ಚಿಕ್ಕಳಿಯಂದು" ಎಂದರು ಅತ್ತೆ.

ಒಲೆ ಮತ್ತೆ ಹೊತ್ತಿತು. ಅದರ ಉರಿಯಲ್ಲೇ ಗಿಳಿ ವಕೀಲ ಎದ್ದು, ಎಡಗೈಯಲ್ಲಿ ಷಡ್ಡಕನ ಕೆನ್ನೆಯನ್ನು ಹಿಡಿದು, ಕನ್ನಡಕ ಜಾರುವಷ್ಟು ಹಿಂಡಿದ.

"ಕೊಂಬು ತೆಗೆದಿದೀನಿ" ಎಂದ. "ಗಲ್ಲ ಸಾಕು."

"ಅಯ್ಯೋ, ಅಣ್ಣ, ಉರಿ."

"ಗೊತ್ತು. ನನಗೂ." ಇನ್ನೊಂದು ಸಲ ಹಿಂಡಿದ. "ನನ್ನ ಥರ ಮಾತ್ರ ಇನ್ನೊಮ್ಮೆ ಮಾಡಬೇಡ. ಇಸ್ತ್ರಿ ಹೇಳಿದ್ದು ನಿಜ, ಚೂರೂ ಬರಲ್ಲ ನಿನಗೆ."

ಮೊದಲು ನಕ್ಕವಳು ತಂಗಿ, ಆಮೇಲೆ ಹೆಂಡತಿ, ಆಮೇಲೆ ಕೆನ್ನೆ ಉಜ್ಜಿಕೊಳ್ಳುತ್ತ ಕರ್ಚೀಫು. ಅತ್ತೆ ಯಾಕೆಂದು ತಿಳಿಯದೆಯೇ ನಕ್ಕರು. ಆ ನಗೆಗಳನ್ನೆಲ್ಲ ಮುಚ್ಚಿಹಾಕಿ ಒಂದು ಒರಟು ನಗೆ ಎದ್ದಿತು, ಕ್ಯಾಂಟೀನಿನಲ್ಲಿ ಯಾರೂ ಕೇಳಿರದ, ಯಾರ ಥರವೂ ಇಲ್ಲದ ನಗೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಗಿಳಿ ವಕೀಲ ಹೊಟ್ಟೆ ಹಿಡಿದುಕೊಂಡು, ಆ ಮೂಲೆಯ ಸಮೇತ ಹಿಡಿದುಕೊಂಡು, ನಗುತ್ತಲೇ ಇದ್ದ.